ನಿಮ್ಮವ್ವನಿಗೆ ನಮ್ಮೂರು ಸೇರುತ್ತದೆಯೇ

ಚಿಮಣೀ, ಗುಂಡ್ಯಾ, ಇದು ನಿಮ್ಮಿಬ್ಬರಿಗಾಗಿ ಬರೆದದ್ದು. ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ ಮೇಲೆ ನಾನು ಬರೆದದ್ದೆಂದರೆ ಸಂತೆಯ ಸಾಮಾನಿನ ಚೀಟಿ, ಅಷ್ಟೇ. ಅಕ್ಷರ ಸೊಟ್ಟಗಾಗಿದ್ದರೆ ನಗಬೇಡಿ. ನಗುವುದೇ ಆದರೆ ನನ್ನ ಎದುರಿಗೆ ನಗಬೇಡಿ.

ಹೋದ ತಿಂಗಳು ನರಗುಂದದ ಮದುವೆ ಮುಗಿಸಿಕೊಂಡು ಬರುವಾಗ ಬಸ್ಸಿನಲ್ಲಿ ಚಿಮಣಿ ಒಂದು ಮಾತು ಕೇಳಿದಳು. ನಿಮ್ಮವ್ವ ಕಿಟಕಿಯ ಕಡೆ ಕೂತಿದ್ದಳು. ಗುಡ್ಡ ಹಿಂದೆ ಸರಿಯಿತು. ಕಾಲುವೆ ಬಂತು, ಹೋಯಿತು. ಆಕೆಯ ಮುಖ ಹೊರಗಿತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಬಸ್ಸಿನಲ್ಲಿ ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಪಕ್ಕದವರ ಬುಟ್ಟಿಯಲ್ಲಿ ಏನಿದೆ, ಬದನೆಕಾಯಿ ಹೇಗೆ ಕೊಟ್ಟರು, ಮಗುವಿಗೆ ಕೆಮ್ಮು ಯಾವಾಗಿನಿಂದ ಎಂದು ಕೇಳುತ್ತ, ಇಳಿಯುವ ಹೊತ್ತಿಗೆ ಅರ್ಧ ಬಸ್ಸನ್ನು ನೆಂಟರನ್ನಾಗಿ ಮಾಡಿಕೊಂಡಿರುತ್ತಾಳೆ. ಆ ದಿನ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

"ಅಜ್ಜೀ, ಮಮ್ಮಿಗೆ ನಮ್ಮೂರು ಸೇರತೈತೇನು?" ಎಂದು ಚಿಮಣಿ ನನ್ನ ಕಿವಿಯಲ್ಲಿ ಕೇಳಿದಳು.

"ಸೇರತೈತಿ. ಆಕೀಗೆ ನಿದ್ದಿ ಬಂದೈತಿ, ಸುಮ್ನ ಕುಂದ್ರು."

"ಕಣ್ಣು ತಗದಾಳಲ್ಲ?"

"ಆಕೀ ದೇಶದಾಗ ಕಣ್ಣು ತಗದ ಮಲಗತಾರ."

ಗುಂಡ್ಯಾ ಅದನ್ನು ನಂಬಿದ. ರೋಣ ಬರುವವರೆಗೆ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಲು ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡ. ಚಿಮಣಿ ನಂಬಲಿಲ್ಲ. ನನ್ನನ್ನೇ ನೋಡುತ್ತ ಕೂತಳು. ನಾನು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೆ. ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು. ಆ ಗಂಟಿನ ಮಾತು ಆಮೇಲೆ ಹೇಳುತ್ತೇನೆ.

ಚಿಮಣಿಯ ಪ್ರಶ್ನೆಗೆ ಉತ್ತರ ನನಗೆ ಗೊತ್ತು. ಬಾಯಿಂದ ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪ ಮಸ್ಕತ್ತಿನ ಒಂದು ದೊಡ್ಡ ದವಾಖಾನೆಯಲ್ಲಿ ಗಾಳಿ ತಂಪು ಮಾಡುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ನಿಮ್ಮವ್ವ ಅಲ್ಲಿಯೇ ನರ್ಸು. ಅವಳ ಊರು ಫಿಲಿಪೈನ್ಸಿನಲ್ಲಿ, ಸಮುದ್ರದ ದಂಡೆಗೆ. ನಿಮ್ಮಜ್ಜ ತೀರಿಕೊಂಡಾಗ ನಿಮ್ಮಪ್ಪ ಬಂದವನು ತಿರುಗಿ ಹೋಗಲಿಲ್ಲ. ಗಜೇಂದ್ರಗಡದಲ್ಲೇ ಫ್ರಿಜ್ಜು ರಿಪೇರಿಯ ಅಂಗಡಿ ಹಾಕಿದ. ಒಂದು ದಿನ ತಲೆ ತಗ್ಗಿಸಿಕೊಂಡು ಬಂದು, ಅಲ್ಲಿಯೇ ಮದುವೆಯಾಗಿದ್ದೇನೆ, ಅವಳೂ ಇಲ್ಲಿಗೇ ಬರುತ್ತಾಳೆ, ಇಲ್ಲಿಯೇ ಇರುತ್ತಾಳೆ ಎಂದ. ನನಗೆ ಗಂಡ ಹೋಗಿ ಒಂದು ವರ್ಷವೂ ತುಂಬಿರಲಿಲ್ಲ. ನಾನು ಏನೂ ಅನ್ನಲಿಲ್ಲ. ಏನೂ ಅನ್ನದಿರುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಅದನ್ನು ಜನ ಒಳ್ಳೆಯ ಗುಣ ಎಂದು ತಿಳಿದುಕೊಂಡಿದ್ದಾರೆ.

ಆಟೋ ಇಳಿದು ಅವಳು ಹೊಸ್ತಿಲ ಮುಂದೆ ನಿಂತಾಗ ಓಣಿಯೆಲ್ಲ ಹೊರಗೆ ಬಂದಿತ್ತು. "ಚೀನಾದಾಕೀನ್ನ ತಂದಾನ ನೋಡಽ" ಎಂದು ಒಬ್ಬಳು ಅಂದರೆ, "ಇಲ್ಲಬೇ, ನೇಪಾಳದಾಕಿ" ಎಂದು ಇನ್ನೊಬ್ಬಳು. ಅವಳು ನೇರ ನನ್ನ ಹತ್ತಿರ ಬಂದು ನನ್ನ ಬಲಗೈ ಹಿಡಿದು ಮೇಲೆತ್ತಿದಳು. ಮೂಸಿ ನೋಡುತ್ತಾಳೋ ಏನೋ ಎಂದು ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಆಮೇಲೆ ನಿಮ್ಮಪ್ಪ ಹೇಳಿದ: ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುವುದು ಅವರಲ್ಲಿ ನಮಸ್ಕಾರ. ಮೊದಲನೆಯ ನಮಸ್ಕಾರವನ್ನೇ ನಾನು ಹಾಗೆ ಕಸಿದುಕೊಂಡೆ.

ಅವಳನ್ನು ಒಳಗೆ ಕೂಡಿಸಿ ಬಾಗಿಲು ಮುಂದೆ ಮಾಡಿದೆ. ಜನ ನೋಡಬಾರದು ಎಂದು. ಅವಳು ನೀರು ಕುಡಿದು, ಎದ್ದು, ಬಾಗಿಲು ತೆರೆದು, ಕಟ್ಟೆಯ ಮೇಲೆ ನಿಂತು, ನಿಮ್ಮಪ್ಪ ಕಲಿಸಿದ್ದ ಒಂದೇ ಒಂದು ಮಾತನ್ನು ಎಲ್ಲರಿಗೂ ಅಂದಳು. "ಬರ್ರಿ, ಬರ್ರಿ." ಓಣಿಯ ನಾಯಿಗೂ ಅಂದಳು. ನಾಯಿಯೊಂದನ್ನು ಬಿಟ್ಟು ಎಲ್ಲರೂ ಒಳಗೆ ಬಂದರು. ಚಹಾ ಮಾಡಿ ಮಾಡಿ ಮನೆಯಲ್ಲಿದ್ದ ಸಕ್ಕರೆಯೆಲ್ಲ ತೀರಿತು.

ಅವಳಿಗೆ ಇಲ್ಲಿ ಏನು ಸೇರಿತು ಎಂದರೆ, ಮೊದಲು ಬಿಸಿಲು. ನಮಗೆ ಬೇಡವಾದ ಬಿಸಿಲೇ ಅವಳಿಗೆ ಬೇಕಾಯಿತು. ತಂತಿಗೆ ಹಾಕಿದ ಬಟ್ಟೆ ಒಂದು ಹೆಂಚು ರೊಟ್ಟಿ ಬೇಯುವುದರೊಳಗೆ ಒಣಗುವುದನ್ನು ಕಂಡು ಅವಳಿಗೆ ಆಶ್ಚರ್ಯ. ಅವಳ ಊರಲ್ಲಿ ಬಿರುಗಾಳಿ ಎದ್ದರೆ ಸಮುದ್ರ ಅಡಿಗೆಮನೆಯವರೆಗೆ ಬರುತ್ತದಂತೆ. "ಅತ್ತೀ, ಇಲ್ಲೆ ನೆಲ ಎಲ್ಲಿದ್ದದ್ದು ಅಲ್ಲೇ ಇರತೈತ್ರಿ" ಎಂದು ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಯ ಯಂತ್ರಗಳು ತಿರುಗುವುದನ್ನು ನೋಡುತ್ತ ಅನ್ನುತ್ತಿದ್ದಳು. ಆಮೇಲೆ ರೊಟ್ಟಿ. ತಿನ್ನುವುದಕ್ಕಿಂತ ಬಡಿಯುವುದು ಹೆಚ್ಚು ಸೇರಿತು. ಮೊದಲ ಸಲ ಬಡಿದದ್ದು ಹರಿದು ಚೂರು ಚೂರಾಯಿತು. ಈಗ ನನಗಿಂತ ತೆಳ್ಳಗೆ ಬಡಿಯುತ್ತಾಳೆ. ಓಡಿ ಬರುವ ಮುದುಕಿಗಾಗಿ ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸುವುದು ಸೇರಿತು. ದವಾಖಾನೆಯಲ್ಲಿ ಒಬ್ಬ ಮಲಗಿದರೆ ಹತ್ತು ಜನ ಡಬ್ಬಿ ತೆಗೆದುಕೊಂಡು ಬಂದು ಸುತ್ತ ಕೂರುವುದು ಎಲ್ಲಕ್ಕಿಂತ ಸೇರಿತು. ಮಸ್ಕತ್ತಿನಲ್ಲಿ ಎಷ್ಟೋ ಮಂದಿ ಮುದುಕರು ಇವಳ ಕೈ ಹಿಡಿದುಕೊಂಡೇ, ತಮ್ಮವರು ಒಬ್ಬರೂ ಇಲ್ಲದೆ, ಕಣ್ಣು ಮುಚ್ಚಿದ್ದರಂತೆ. "ಇಲ್ಲೆ ಯಾರೂ ಒಬ್ಬರ ಸಾಯೂದಿಲ್ರಿ" ಎಂದು ಬಹಳ ಸಂತೋಷದಿಂದ ಹೇಳುತ್ತಿದ್ದಳು. ಕೇಳಿದವರು ಥೂ ಥೂ ಬಿಡ್ತು ಅನ್ನು ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದರು.

ಸೇರದ್ದೂ ಇತ್ತು. ನಲ್ಲಿಗೆ ನೀರು ಯಾವ ದಿನ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲದ್ದು. ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರು ಹೋಗುವ ಜಾಗದ ಹೊಲಸು. ಎಲ್ಲೆಂದರಲ್ಲಿ ಉಗುಳುವುದು. ಮತ್ತೆ ಪ್ರಶ್ನೆಗಳು. ಪಗಾರ ಎಷ್ಟಿತ್ತು, ಕೂದಲು ಖರೇನೋ ಸುಳ್ಳೋ, ಹಾವು ತಿಂತೀಯಂತಲ್ಲ, ಇನ್ನೂ ಯಾಕ ಕೂಸು ಆಗಿಲ್ಲ. ಕೇಳುವುದಲ್ಲದೆ ಕೂದಲನ್ನು ಮುಟ್ಟಿ ಜಗ್ಗಿ ನೋಡುತ್ತಿದ್ದರು. ಮೊದಮೊದಲು ಅವಳು ಒಳಗೆ ಬಂದು ಅಳುತ್ತಿದ್ದಳು. ಆಮೇಲೆ ತಾನೇ ತಿರುಗಿಸಿ ಕೇಳಲು ಕಲಿತಳು. "ನಿಮ್ಮ ಯಜಮಾನರ ಪಗಾರ ಎಷ್ಟ್ರಿ? ನಿಮ್ಮ ಹಲ್ಲು ಖರೇವೇನ್ರಿ?" ಈಗ ಅದೇ ಅವಳ ಚಟವಾಗಿದೆ. ರೋಗ ಬಂದು ಊರೆಲ್ಲ ಬಾಗಿಲು ಹಾಕಿಕೊಂಡ ವರ್ಷ ಮಾತ್ರ ಅವಳ ಮಾತು ನಡೆಯಲಿಲ್ಲ. ಚಿಮಣಿ, ನೀನಾಗ ಕಂಕುಳ ಕೂಸು. ನಿನ್ನ ಹಾಲಿಗೆಂದು ಹೋದವಳಿಗೆ "ಚೀನಾದಾಕಿ, ದೂರ ನಿಂದ್ರು" ಎಂದು ಪಾತ್ರೆಯನ್ನು ನೆಲದ ಮೇಲಿಡಿಸಿ ಮೇಲಿನಿಂದ ಹಾಲು ಸುರಿದಿದ್ದರು. ಹೀಗೆ ಮಾಡಿದವರು ಬೇರೆ ಯಾರೋ ಅಲ್ಲ, ನಾವು ಇಂದಿಗೂ ಹಾಲು ತರುವ ಮನೆಯವರೇ.

ನಮ್ಮ ಮನೆಯಲ್ಲಿ ಮೀನು, ಮಾಂಸ ನಡೆಯುವುದಿಲ್ಲ. ಮೀನಿಲ್ಲದೆ ಅವಳಿಗೆ ಊಟವೆಂದರೆ ಊಟವಲ್ಲ. ಅದನ್ನು ಅವಳು ಒಂದು ದಿನವೂ ಬಾಯಿ ಬಿಟ್ಟು ಕೇಳಲಿಲ್ಲ. ಓಣಿಯ ಕೊನೆಯ ಮುಸಲರ ಮನೆಯ ಬಳೆಗಾರ್ತಿ ನಿಮಗೆ ಗೊತ್ತಲ್ಲ, ನಿಮಗೆ ಬಣ್ಣದ ಬಳೆಚೂರು ಕೊಡುವವಳು, ಅವಳಿಗೆ ಅದು ಹೇಗೋ ತಿಳಿಯಿತು. ತನ್ನ ಮನೆಯಲ್ಲಿ ಮೀನು ಮಾಡಿದ ದಿನ ಇವಳನ್ನು ಕೂಗಿ ಕರೆಯುತ್ತಿದ್ದಳು. ಉಂಡು ಬಂದ ನಿಮ್ಮವ್ವ ಬಚ್ಚಲ ಕಲ್ಲಿನ ಹತ್ತಿರ ಬಾಯಿ ಮುಕ್ಕಳಿಸಿ, ಸಬಕಾರ ಹಚ್ಚಿ ಕೈ ತೊಳೆದು, ಅಂಗೈ ಎರಡನ್ನೂ ನನ್ನ ಮುಂದೆ ಹಿಡಿಯುತ್ತಿದ್ದಳು.

"ತೊಳಕೊಂಡೀನ್ರಿ ಅತ್ತೀ. ವಾಸನಿ ನೋಡ್ರಿ."

ಗಂಡನ ಮನೆಯೊಳಗೆ ಕಾಲಿಡಲು ಒಬ್ಬ ಹೆಣ್ಣುಮಗಳು ಅಂಗೈ ತೋರಿಸಬೇಕಾಗಿತ್ತು. ನಾನು ಬೇಡ ಅನ್ನಲಿಲ್ಲ. ಬಗ್ಗಿ ಮೂಸುತ್ತಿದ್ದೆ. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಚಿಮಣಿ ಹೊಟ್ಟೆಯಲ್ಲಿದ್ದಾಗ ಅವಳ ಅವ್ವ ದಿನಾ ಫೋನು ಮಾಡುತ್ತಿದ್ದಳು, ಹೆರಿಗೆಗೆ ಬಾ ಎಂದು. ಮೊದಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮಲ್ಲಿಯೂ ಇದ್ದದ್ದೇ. ಯಾರೂ ಬೇಡ ಅನ್ನುವಂತಿರಲಿಲ್ಲ. ಆದರೆ ನಿಮ್ಮಪ್ಪ ಊಟ ಬಿಟ್ಟ. ಅವಳು ಅಷ್ಟು ದೂರ ಹೋದರೆ, ಸಮುದ್ರ ನೋಡಿದರೆ, ಅವ್ವನ ಕೈ ಅನ್ನ ಉಂಡರೆ, ಈ ನೀರಿಲ್ಲದ ಊರಿಗೆ ತಿರುಗಿ ಬರುವುದಿಲ್ಲ ಎಂಬ ಭಯ ಅವನಿಗೆ. ನನಗೂ ಅದೇ ಭಯ. ಅಷ್ಟರೊಳಗೆ ಅವಳಿಲ್ಲದ ಮನೆ ಹೇಗಿರುತ್ತದೆ ಎಂದು ನನಗೆ ಮರೆತೇ ಹೋಗಿತ್ತು.

ಆ ದಿನಗಳಲ್ಲಿ ನಾವಿಬ್ಬರೂ ನರಗುಂದಕ್ಕೆ ನನ್ನ ತಮ್ಮನ ಮನೆಗೆ ಹೋಗಿದ್ದೆವು. ಬರುವಾಗ ಕಾಲುವೆಯ ಹತ್ತಿರ ಬಸ್ಸು ನಿಲ್ಲಿಸಿ ಎಂದು ಅವಳು ಗದ್ದಲ ಮಾಡಿದಳು. ಮುಂದಿನ ಬಸ್ಸು ಹಿಡಿದರಾಯಿತು ಎಂದು ಇಬ್ಬರೂ ಇಳಿದೆವು. ಕಾಲುವೆ ತುಂಬಿ ಹರಿಯುತ್ತಿತ್ತು. ಸೀರೆಯನ್ನು ಮೊಣಕಾಲವರೆಗೆ ಎತ್ತಿಕೊಂಡು, ಮೆಟ್ಟಿಲ ಮೇಲೆ ಕೂತು, ನೀರಲ್ಲಿ ಕಾಲು ಬಿಟ್ಟಳು. ನಾನು ಮೇಲೆ ನಿಂತು ಯಾರಾದರೂ ಬಂದಾರೇ ಎಂದು ಎರಡೂ ಕಡೆ ನೋಡುತ್ತಿದ್ದೆ.

"ಕೂಡ್ರಿ ಅತ್ತೀ" ಅಂದಳು. ಕೂತೆ. ಕಾಲು ಬಿಡಲಿಲ್ಲ.

"ಹೋಗ್ತೀಯೇನವ್ವಾ ನಿಮ್ಮೂರಿಗೆ?"

"ಅವ್ವ ಇದ್ದಲ್ಲೆ ಹಡೀಬೇಕು ಅಂತ ನೀವೂ ಅಂತೀರಿ, ಅವರೂ ಅಂತಾರ. ಇಲ್ಲೆ ನನಗ ಅವ್ವ ಯಾರದಾರ್ರಿ?"

"ನಾ ಇದ್ದೀನಲ್ಲ" ಅಂದೆ.

ಹೇಗೆ ಬಾಯಿಗೆ ಬಂತೋ ಕಾಣೆ. ಅಂಥ ಮಾತು ಆಡುವವಳೇ ಅಲ್ಲ ನಾನು. ಅವಳು ನನ್ನ ಕೈ ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು. ಮನೆಗೆ ಬಂದು ಅವ್ವನಿಗೆ ಫೋನಿನಲ್ಲಿ, ನಾನು ಬರುವುದಿಲ್ಲ, ಇಲ್ಲಿಯೇ ಹಡೆಯುತ್ತೇನೆ ಎಂದಳಂತೆ. ಮುಂದೆ ಆದದ್ದೆಲ್ಲ ನಾನು ಆಡಿದ ಆ ಒಂದು ಮಾತಿನಿಂದ.

ಏಳು ತಿಂಗಳಿಗೆ ಕುಬಸ ಮಾಡಬೇಕು. ತವರಿನವರು ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆ ತಂದು ಬಸುರಿಗೆ ತೊಡಿಸುವ ಕಾರ್ಯ. ಅದರಲ್ಲಿ ಮೊದಲ ಬಳೆ ಹೆತ್ತವ್ವನದು. ಆಮೇಲೆ ಮುತ್ತೈದೆಯರು ಒಬ್ಬೊಬ್ಬರಾಗಿ. ಅಬ್ಬಿಗೇರಿಯಿಂದ ನನ್ನ ನಾದಿನಿ, ನಿಮ್ಮಜ್ಜನ ಒಡಹುಟ್ಟಿದವಳು, ಹಿಂದಿನ ದಿನವೇ ಬಂದು ಎಲ್ಲವನ್ನೂ ಕೈಗೆ ತೆಗೆದುಕೊಂಡಳು. ತವರು ಇಲ್ಲ ಅಂದರೆ ಏನಾಯಿತು, ತವರಾಗಿ ನಾನೇ ನಿಲ್ಲುತ್ತೇನೆ ಅಂದಳು. ಬಾಯಿ ಖಾರ, ಕೈ ದೊಡ್ಡದು, ಅಂಥ ಹೆಂಗಸು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಗಂಡನಿಲ್ಲದವಳು ಬಳೆಗೆ ಕೈ ಹಚ್ಚುವುದಿಲ್ಲ, ಆರತಿಗೆ ಮುಂದೆ ಬರುವುದಿಲ್ಲ. ಅದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ಬೆಳಗಿನಿಂದ ಅಡಿಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದೆ. ಬಾಗಿಲನ್ನು ಅರ್ಧ ಮುಂದೆ ಮಾಡಿದ್ದೆ. ಸಂದಿಯಲ್ಲಿ ಅವಳ ಹಸಿರು ಸೀರೆಯ ಅಂಚು ಕಾಣುತ್ತಿತ್ತು.

ಬಳೆಗಾರ್ತಿ ತನ್ನ ಗಂಟು ಬಿಚ್ಚಿದ ಸಪ್ಪಳ ಕೇಳಿಸಿತು. "ಮೊದಲನೇದು ಯಾರು ಹಾಕ್ತೀರ್ರಿ?" ಅಂದಳು.

"ನಾನಽ ಹಾಕ್ತೀನಿ. ತಾ ಇಲ್ಲೆ" ಎಂದಳು ನಾದಿನಿ.

"ಇಲ್ರಿ, ಅತ್ತಿ ಹಾಕ್ತಾರ್ರಿ" ಎಂದು ನಿಮ್ಮವ್ವನ ಧ್ವನಿ.

ಯಾರೋ ಕಿಸಕ್ಕೆಂದು ನಕ್ಕರು.

"ಆಕೀ ಹಾಕಬಾರದವ್ವಾ" ಎಂದಳು ನಾದಿನಿ, ಮೆತ್ತಗೇ ಅಂದಳು.

"ಯಾಕ್ರಿ?"

"ಯಾಕಂದ್ರ... ಹಂಗ. ಹಾಕಬಾರದು ಅಂದ್ರ ಹಾಕಬಾರದು."

"ಅತ್ತಿ ಅಂದಾರ್ರಿ, ನಾ ಇದ್ದೀನಿ ಅಂತ. ಕರೀರಿ."

"ಬಾ ಅಂದ್ರ ಆಕೀನೂ ಬರೂದಿಲ್ಲ. ಆಕೀ ತಿಳದಾಕಿ ಅದಾಳ."

ನಾನು ಒಳಗೆ ಒಂದೇ ಹೋಳಿಗೆಯನ್ನು ಆ ಕಡೆಗೆ ಈ ಕಡೆಗೆ ಮಗುಚುತ್ತಿದ್ದೆ. ಕಪ್ಪಾಗುತ್ತ ಬಂದದ್ದು ಕಾಣುತ್ತಿತ್ತು. ತೆಗೆಯಲಿಲ್ಲ. ತೆಗೆದರೆ ಕೈಗೆ ಕೆಲಸವಿಲ್ಲದಂತಾಗಿ, ಹೊರಗೆ ಹೋಗಬೇಕಾದೀತು ಎಂದು. ಏನೂ ಕೇಳಿಸದವಳ ಹಾಗೆ ಒಲೆಯ ಕಡೆ ಮುಖ ಮಾಡಿ ಕೂತೆ. ನಾದಿನಿ ನನ್ನನ್ನು ತಿಳಿದವಳು ಅಂದಳಲ್ಲ, ಆ ಮಾತಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಇದನ್ನು ಬರೆಯಬಾರದೆಂದಿದ್ದೆ. ಆದರೆ ಹೆಮ್ಮೆಯಾದದ್ದು ಖರೆ.

ಬಾಗಿಲು ತೆರೆಯಿತು. ಹಸಿರು ಸೀರೆ, ಏಳು ತಿಂಗಳ ಹೊಟ್ಟೆ, ಹಣೆಯ ತುಂಬ ಯಾರೋ ಹಚ್ಚಿದ ಕುಂಕುಮ. ಗೋಡೆ ಹಿಡಿದುಕೊಂಡು ನಿಧಾನ ಬಗ್ಗಿ, ನನ್ನೆದುರಿಗೆ ಹಿಟ್ಟು ಬಿದ್ದ ನೆಲದ ಮೇಲೆ ಕೂತಳು.

"ನಾ ಇದ್ದೀನಲ್ಲ ಅಂದ್ರಿ. ಎಲ್ಲಿದ್ದೀರ್ರಿ?"

ಸಿಟ್ಟಿನಲ್ಲಿ ಕೇಳಲಿಲ್ಲ. ಹಾದಿ ತಪ್ಪಿದವರು ಕೇಳುವ ಹಾಗೆ ಕೇಳಿದಳು.

"ನನ್ನ ಕೈ ಚಲೋ ಅಲ್ಲವ್ವಾ" ಅಂದೆ.

ನನ್ನ ಬಲಗೈಯನ್ನು ಹಿಡಿದು, ನರ್ಸುಗಳು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಏನಾಗೇತ್ರಿ ಇದಕ್ಕ? ದಿನಾ ಇದ ಕೈಯಾನ ರೊಟ್ಟಿ ತಿಂತೀನಲ್ರಿ." ಹೀಗಂದು ತನ್ನ ಕೈಯನ್ನು ನನ್ನ ತೊಡೆಯ ಮೇಲಿಟ್ಟು ಬೆರಳು ಮಡಚಿದಳು.

ಅಡಿಗೆಮನೆಯ ಹೊಸ್ತಿಲಲ್ಲಿ ಬಳೆಗಾರ್ತಿ ಗಂಟು ಹಿಡಿದು ನಿಂತಿದ್ದಳು. ಇಷ್ಟು ವರ್ಷ ನಮ್ಮ ಮನೆಗೆ ಬಂದವಳು ಪಡಸಾಲೆ ದಾಟಿ ಬಂದಿರಲಿಲ್ಲ.

"ಒಳಗ ಬರಲೇನಕ್ಕಾ? ಇಲ್ಲೇ ಕುಂದ್ರಲೋ?"

ನಾನು ತಲೆಯಾಡಿಸಿದೆ. ಬಾ ಎಂದು ಆಡಿಸಿದೆನೋ, ಅಲ್ಲೇ ಎಂದು ಆಡಿಸಿದೆನೋ, ನನಗೇ ಗೊತ್ತಿಲ್ಲ. ಅವಳು ಹೊಸ್ತಿಲ ಮೇಲೆಯೇ ಕೂತು ಒಂದು ಹಸಿರು ಬಳೆ ಆರಿಸಿ ನನ್ನ ಕೈಗೆ ಕೊಟ್ಟಳು. ಗಂಡ ಹೋದ ದಿನದಿಂದ ನಾನು ಗಾಜಿನ ಬಳೆಯನ್ನು ಕೈಯಲ್ಲಿ ಹಿಡಿದಿರಲಿಲ್ಲ. ಬಹಳ ಹಗುರ ಇತ್ತು. ಅವಳ ಗೆಣ್ಣಿನವರೆಗೆ ಏರಿಸಿದೆ. ಇನ್ನಷ್ಟು ಒತ್ತಿದೆ. ಚಿಟ್ ಎಂದು ಬಳೆ ಒಡೆಯಿತು.

ಬಾಗಿಲಲ್ಲಿ ಗುಂಪಾಗಿದ್ದವರು ಒಂದೇ ಸಲ ಉಸಿರೆಳೆದುಕೊಂಡರು. "ಆತಲ್ಲ! ಹೇಳಿದ್ನೋ ಇಲ್ಲೋ?" ಎಂದು ನಾದಿನಿ.

"ಏನಾತ್ರೀ ಅಕ್ಕಾರ?" ಎಂದು ಬಳೆಗಾರ್ತಿ ಹಿಂದೆ ತಿರುಗಿಯೂ ನೋಡದೆ ಅಂದಳು. "ಬಳಿ ಒಡೀಲಿಲ್ಲ ಅಂದ್ರ ನನ್ನ ಹೊಟ್ಟಿ ಹ್ಯಾಂಗ ತುಂಬಬೇಕು? ನಾ ತೊಡಸೂವಾಗೂ ದಿನಾ ಒಡೀತಾವ. ತಗೋ ಅಕ್ಕಾ, ಇನ್ನೊಂದು. ಹೆಬ್ಬೆರಳು ಒಳಗ ಒತ್ತು, ಬಳಿ ತಾನಽ ಹೋಗತೈತಿ."

ನಿಮ್ಮವ್ವನ ಕೈಗೆ ಸಣ್ಣ ಗೀರು ಬಿದ್ದಿತ್ತು. ಅದನ್ನು ಸೀರೆಗೆ ಒರೆಸಿಕೊಂಡು ಮತ್ತೆ ಕೈ ಚಾಚಿದಳು. ಎರಡನೆಯದು ಹೋಯಿತು. ಅವಳು ನನ್ನ ಕೈ ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಾಗ, ಹಣೆಗೆ ಒತ್ತಿಕೊಂಡಳು. ನನ್ನ ಬೆರಳಿಗೆಲ್ಲ ಕುಂಕುಮ ಮೆತ್ತಿತು.

ನೀವು ಇದನ್ನು ಓದಿ, ಅಜ್ಜಿ ಒಳ್ಳೆಯದನ್ನೇ ಮಾಡಿದಳಲ್ಲ ಅಂದುಕೊಳ್ಳಬೇಡಿ. ನಾನು ಮಾಡಲಿಲ್ಲ. ಬಸುರಿ ಹೆಣ್ಣುಮಗಳು ನೆಲಕ್ಕೆ ಬಗ್ಗಿ ಬಂದು ಮಾಡಿಸಿಕೊಂಡಳು. ನಾಲ್ಕು ಹೆಜ್ಜೆ ದೂರದ ಪಡಸಾಲೆಗೆ ನಾನೇ ಹೋಗಬಹುದಾಗಿತ್ತು.

ನಾದಿನಿ ಮುಖ ಊದಿಸಿಕೊಂಡೇ ಊಟಕ್ಕೆ ಕೂತಳು. ಹೋಳಿಗೆ ಹೊತ್ತಿವೆ ಅಂದಳು. ಹೊತ್ತಿವೆ ಹೊತ್ತಿವೆ ಎನ್ನುತ್ತಲೇ ಎಲ್ಲರಿಗಿಂತ ಹೆಚ್ಚು ತಿಂದಳು. ರೋಣದ ದವಾಖಾನೆಯಲ್ಲಿ ಚಿಮಣಿ ಹುಟ್ಟಿದಾಗ, ಅಂಟಿನ ಉಂಡೆಯ ಡಬ್ಬಿ ಹಿಡಿದುಕೊಂಡು ಮೊದಲು ಬಂದವಳೂ ಅವಳೇ.

ಕುಬಸದ ಸಂಜೆ ನಿಮ್ಮವ್ವ ತನ್ನ ಅವ್ವನಿಗೆ ಫೋನಿನಲ್ಲಿ ಎರಡೂ ಕೈ ತೋರಿಸಿ ಬಳೆ ಗಲ್ ಗಲ್ ಮಾಡಿದಳು. ಆಮೇಲೆ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆ ಕಡೆ ಒಬ್ಬ ಮುದುಕಿ, ಹೂವಿನ ಫ್ರಾಕು, ಬೆಳ್ಳನೆಯ ಕೂದಲು, ತುಟಿಗೆ ಕೆಂಪು ಬಣ್ಣ. ಏನೋ ಅಂದಳು, ನಕ್ಕಳು, ಅತ್ತಳು.

"ನಮ್ಮವ್ವಗೂ ನಿಮ್ಮಂಗ ಗಂಡ ಇಲ್ರಿ" ಎಂದು ನಿಮ್ಮವ್ವ ಅಂದಳು.

ನಾನು ಆ ಕೆಂಪು ತುಟಿಯನ್ನೇ ನೋಡುತ್ತಿದ್ದೆ. ನಾಚಿಕೆಯಿಲ್ಲದವಳು ಎಂದು ಮೊದಲು ಅನ್ನಿಸಿತು. ಆಮೇಲೆ ಹೊಟ್ಟೆಕಿಚ್ಚಾಯಿತು. ಎರಡೂ ಒಂದೇ ಗಳಿಗೆಯಲ್ಲಿ. ಫೋನು ಇಟ್ಟ ಮೇಲೆ ಕನ್ನಡಿ ಇದ್ದ ಗೋಡೆಯ ಕಡೆ ಆ ದಿನ ನಾನು ಹೋಗಲಿಲ್ಲ.

ಈಗ ಹೋದ ತಿಂಗಳ ಮದುವೆಯ ಮಾತು. ನರಗುಂದದಲ್ಲಿ ನನ್ನ ತಮ್ಮನ ಮಗಳ ಮದುವೆ. ನಾನು ಎತ್ತಿ ಆಡಿಸಿದ ಹುಡುಗಿ. ಅಕ್ಷತೆ ಹಾಕುವ ಹೊತ್ತಿಗೆ ಎಲ್ಲರೂ ಎದ್ದು ಮುಂದೆ ಹೋದರು. ನಾನು ಎದ್ದು ಹಿಂದೆ ಹೋದೆ. ಜೋಳದ ಚೀಲ ಒಟ್ಟಿದ ಕೋಣೆಯಲ್ಲಿ ಹೋಗಿ ಕೂತೆ. ನಿಮ್ಮವ್ವ ಹುಡುಕಿಕೊಂಡು ಬಂದಳು. ಎರಡೂ ಮುಷ್ಟಿಯಲ್ಲಿ ಅಕ್ಷತೆ ಇತ್ತು. ಒಂದು ಅವಳದು, ಒಂದು ನನಗೆಂದು ತಂದದ್ದು.

"ಯಾರರೆ ಏನರೆ ಅಂದ್ರೇನ್ರಿ ಅತ್ತೀ?"

"ಇಲ್ಲವ್ವಾ."

"ಮತ್ತ ಇಲ್ಲೆ ಕುಂದ್ರ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ."

ಯಾರಾದರೂ ಹೇಳಿದ್ದಾರೆ ಅಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಹೋಗಿ ಅವರ ಜೊತೆ ಜಗಳ ಮಾಡುತ್ತಿದ್ದಳು. ಜಗಳ ಮಾಡಲು ಬರುತ್ತದೆ ಅವಳಿಗೆ. ಯಾರೂ ಹೇಳಿಲ್ಲ ಅಂದಾಗ ಅವಳ ಮುಖ ಹೇಗಾಯಿತು ಎಂದು ನನಗೆ ಬರೆಯಲು ಬರುವುದಿಲ್ಲ.

"ನೀರು ಬರ್ಲಿಲ್ಲ ಅಂದ್ರ ತಡಕೋತೀನ್ರಿ" ಅಂದಳು. "ಚೀನಾದಾಕಿ ಅಂದ್ರೂ ತಡಕೋತೀನಿ. ಅವರು ಮಂದಿ. ನೀವು ನನ್ನ ಅವ್ವ ಅಲ್ಲೇನ್ರಿ? ಇದೊಂದ ನನಗ ಈ ದೇಶದಾಗ ಸೇರಂಗಿಲ್ಲ. ನಿಮ್ಮನ್ನ ನೀವು ಮುಚ್ಚಿಟ್ಟುಕೊಳ್ಳೂದು."

ನನಗೆಂದು ತಂದ ಅಕ್ಷತೆಯನ್ನು ನನ್ನ ಅಂಗೈಗೆ ಸುರಿದು, ನನ್ನ ಬೆರಳನ್ನು ತಾನೇ ಮುಚ್ಚಿ, ಹೊರಗೆ ಹೋದಳು. ವಾಲಗ ಜೋರಾಯಿತು. ನಾನು ಬಾಗಿಲವರೆಗೆ ಬಂದೆ. ಅಲ್ಲಿಂದ ಒಂದು ಹೆಜ್ಜೆ ಇಡಲು ಆಗಲಿಲ್ಲ. ವಾಲಗ ನಿಂತ ಮೇಲೆ ಅಕ್ಷತೆಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಬಸ್ಸಿನಲ್ಲಿ ನಾನು ಹಿಡಿದುಕೊಂಡಿದ್ದ ಗಂಟು ಅದೇ. ಮನೆಗೆ ಬಂದು ಬಿಚ್ಚಿದರೆ ಕಾಳು ನನ್ನ ಬೆವರಿಗೆ ಮೆತ್ತಗಾಗಿದ್ದವು. ಸೆರಗಿನ ಹಳದಿ ಕಲೆ ತೊಳೆದರೂ ಹೋಗಿಲ್ಲ.

ರೋಣದಲ್ಲಿ ಬಸ್ಸು ನಿಂತಾಗ ನಿಮ್ಮವ್ವ ಇಳಿದು ಗಿರ್ಮಿಟ್ ತಂದದ್ದು ನಿಮಗೆ ನೆನಪಿರಬೇಕು. ನಿಮ್ಮಿಬ್ಬರಿಗೆ ಒಂದು ಪೊಟ್ಟಣ, ನನಗೂ ಅವಳಿಗೂ ಒಂದು. ನನ್ನ ಪಾಲಿನ ಮೆಣಸಿನಕಾಯಿಯನ್ನು ಅವಳೇ ಆರಿಸಿ ತೆಗೆದಳು, ಹಲ್ಲಿಲ್ಲದವಳು ಎಂದು. ಮಾತು ಮಾತ್ರ ಆಡಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ನನ್ನ ಕೈ ಹಣೆಗೆ ಒತ್ತಿಕೊಂಡಳು. ಸಿಟ್ಟಿದ್ದರೂ ಒತ್ತಿಕೊಂಡಳು.

ಚಿಮಣೀ, ನಿನ್ನ ಪ್ರಶ್ನೆಗೆ ಉತ್ತರ ಇದು. ನಿಮ್ಮವ್ವನಿಗೆ ನಮ್ಮೂರು ಸೇರುತ್ತದೆ. ಬಿಸಿಲು, ರೊಟ್ಟಿ, ಬಸ್ಸಿನ ಮಂದಿ, ಬಳೆಗಾರ್ತಿಯ ಮನೆಯ ಮೀನು, ಎಲ್ಲ ಸೇರುತ್ತದೆ. ಸೇರದ್ದರಲ್ಲಿ ನೀರಿನ ಕೆಲಸ ಪುರಸಭೆಯವರ ಕೈಯಲ್ಲಿದೆ. ಉಗುಳುವವರು, ಕೂದಲು ಜಗ್ಗುವವರು ನನ್ನ ಮಾತು ಕೇಳುವವರಲ್ಲ. ನನ್ನ ಕೈಯಲ್ಲಿ ಇರುವುದು ಒಂದೇ. ಅದನ್ನೇ ನಾನು ಮಾಡಿಲ್ಲ.

ಬರುವ ತಿಂಗಳು ಅಬ್ಬಿಗೇರಿಯಲ್ಲಿ ನಾದಿನಿಯ ಮೊಮ್ಮಗಳ ಕುಬಸ ಇದೆ. "ಬರ್ತೀರೇನ್ರಿ ಅತ್ತೀ?" ಎಂದು ನಿಮ್ಮವ್ವ ನಿನ್ನೆ ಕೇಳಿದಳು. ಬರುತ್ತೇನೆ ಅಂದೆ. ಎಲ್ಲಿ ಕೂರುತ್ತೀರಿ ಎಂದು ಅವಳು ಕೇಳಲಿಲ್ಲ. ಪಡಸಾಲೆಯಲ್ಲಿ ಕೂರುತ್ತೇನೆ ಎಂದು ನಾನೂ ಹೇಳಲಿಲ್ಲ. ಒಮ್ಮೆ ಕಾಲುವೆಯ ದಂಡೆಯ ಮೇಲೆ ಮಾತು ಕೊಟ್ಟು ಒಲೆಯ ಮುಂದೆ ಅಡಗಿ ಕೂತವಳು, ಮತ್ತೊಮ್ಮೆ ಬಾಯಿಂದ ಮಾತು ಕೊಡಲು ಹೆದರುತ್ತೇನೆ. ಹೋದ ಮೇಲೆ ನೋಡಬೇಕು, ಕಾಲು ಯಾವ ಕಡೆ ಹೋಗುತ್ತವೋ.

ಗುಂಡ್ಯಾನ ಪುಸ್ತಕ ಇಟ್ಟುಕೊಂಡು ನಿಮ್ಮವ್ವ ಕನ್ನಡ ಓದಲು ಕಲಿಯುತ್ತಿದ್ದಾಳೆ. ಕಾಗುಣಿತ ಮುಗಿದಿದೆ. ಬಸ್ಸಿನ ಬೋರ್ಡನ್ನು ಗಟ್ಟಿಯಾಗಿ ಓದಿ ಎಲ್ಲರನ್ನೂ ಬೆಚ್ಚಿಬೀಳಿಸುತ್ತಾಳೆ. ಒತ್ತಕ್ಷರ ಇನ್ನೂ ಕಷ್ಟ. ಅದು ಬಂದ ದಿನ ಈ ಹಾಳೆಗಳನ್ನು ಅವಳ ಕೈಗೆ ಕೊಡಿ. ಅವಳ ಮುಖ ನೋಡಿ ಹೇಳಲಾಗದ್ದನ್ನೇ ಇದರಲ್ಲಿ ಬರೆದಿದ್ದೇನೆ. ಅಲ್ಲಿಯವರೆಗೆ ಇವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಚಿಮಣಿಯ ಬಳೆಚೂರಿನ ಡಬ್ಬಿಯಲ್ಲಿಡಿ. ಗುಂಡ್ಯಾ, ಗಾಳಿಪಟ ಮಾಡಬೇಡ. ಒಲೆಯ ಹತ್ತಿರ, ನೀರಿನ ಹತ್ತಿರ ಒಯ್ಯಬೇಡಿ. ಜೋಪಾನ ಮಾಡಿರಪ್ಪಾ, ಇನ್ನೊಮ್ಮೆ ಬರೆಯುವ ಧೈರ್ಯ ನನಗಿಲ್ಲ.